ಇರೋದು ಯಾವ ಮನಿಯಾಗ?

ಜುಲೈ ೨೪, ದೇವದುರ್ಗ

ಆಡಿಟರ್ ಕೇಳಿದ್ದು ಇನ್ನೂ ತಲಿ ಕೊರಿಯಾಕತ್ತದ. ರಾಯಚೂರು, ಮಾನ್ವಿ, ದೇವದುರ್ಗ, ಮೂರೂ ಮನಿ ನನ್ನ ಹೆಸರಿಲೇ ಅದಾವ. ಮೂರನ್ನೂ ನಮ್ಮನಿಯವ್ರು ದಿನದ ಬಾಡಿಗಿಗೆ ಬಿಟ್ಟಾರ. ಟ್ಯಾಕ್ಸ್ ರಿಟರ್ನಿನಾಗ ಆ ಬಾಡಿಗಿ ಎಲ್ಲಾ ನನ್ನ ಆದಾಯ ಅಂತ ತೋರಿಸಬೇಕಂತ. ತೋರಿಸಲಿ. ಆದ್ರ ಆಡಿಟರ್ರು, "ನಾಗವೇಣಿ ಅಕ್ಕಾರ, ನೀವು ಸ್ವಂತ ಇರೋದು ಯಾವ ಮನಿಯಾಗ್ರಿ?" ಅಂದ್ರು.

ಯಾವುದು ಖಾಲಿ ಇರ್ತದೋ ಅಲ್ಲಿಗೆ ಬ್ಯಾಗ್ ಹೊತ್ಕೊಂಡು ಹೋಗೋದೇ ನನ್ನ ಬಾಳೇವು. ಒಂದು ಮನಿ ನಮಗ ಇರಲಿ ಅಂದ್ರ, "ಖಾಲಿ ಇದ್ದಾಗ ಮೂರೂ ನಿನ್ನವೇ ಅಲ್ಲೇನು" ಅಂತಾರ ನಮ್ಮನಿಯವ್ರು.

ಬಾಡಿಗಿಯವ್ರು ಬಂದಾಗೆಲ್ಲಾ ಓಣಿಯವ್ರಿಗೆ "ಬೀಗರು ಬಂದಾರ" ಅಂತ ನಾವೇ ಹೇಳ್ಕೊಂತ ಬಂದೀವಿ. ಇವತ್ತು ಸಂಜಿಗೆ ಇಲ್ಲಿ ಬಾಗಿಲಾ ತೆಗಿಯಾಕತ್ತಿದ್ದೆ. ಎದುರುಮನಿಗೆ ಹೊಸದಾಗಿ ಬಂದಾಕಿ ನನ್ನ ಬ್ಯಾಗ್ ನೋಡಿ ಕೇಳಿದಳು, "ಯಾವೂರ ಬೀಗರ್ರಿ ನೀವು?"

ರಾಯಚೂರಿನವ್ರು ಅಂದುಬಿಟ್ಟೆ.