ಇಲ್ಲಿ ಕಲಿಯುವವರು ಯಾರೂ ಇಲ್ಲ

ಮೇಷ್ಟ್ರೇ,

ನಮಸ್ಕಾರ ಎಂದು ಶುರು ಮಾಡಬೇಕಿತ್ತು. ನೀವಿದ್ದಾಗ ನಿಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಕೈ ತಾನಾಗಿಯೇ ಮುಗಿಯುತ್ತಿತ್ತು. ಈಗ ಮುಗಿಯುತ್ತಿಲ್ಲ. ನಿಮ್ಮ ವರ್ಷದ ತಿಥಿಗೆ ನಿಮ್ಮ ಮನೆಯ ಅಮ್ಮಾವ್ರು ಹೇಳಿ ಕಳಿಸಿದ್ದರು, ನಾನು ಹೋಗಲಿಲ್ಲ. ಜ್ವರ ಎಂದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ, ನಿಮ್ಮ ಮೇಲಿನ ಕೋಪ ಅಷ್ಟೆ. "ಸತ್ತೋರ ಮ್ಯಾಲೆ ಎಂತ ಸಿಟ್ಟವ್ವ, ಬುಟ್ಬುಡು" ಅಂದಳು ನಮ್ಮವ್ವ. ಬದುಕಿದ್ದವರ ಮೇಲಾದರೆ ಎದುರು ನಿಂತು ಜಗಳವಾಡಿ ಮುಗಿಸಬಹುದು. ಸತ್ತವರ ಮೇಲೆ ಬಂದ ಸಿಟ್ಟನ್ನು ಎಲ್ಲಿಗೆ ಒಯ್ಯಲಿ? ಅದಕ್ಕೇ ಈ ಕಾಗದ.

ಅಪ್ಪ ನನ್ನನ್ನು ಬೆಟ್ಟದಪುರದಿಂದ ಬಸ್ಸಿನಲ್ಲಿ ಕರೆತಂದು ಪಿರಿಯಾಪಟ್ಟಣದ ನಿಮ್ಮ ಜಗುಲಿಯ ಮೇಲೆ ಕೂರಿಸಿದ ದಿನ ನೆನಪಿದೆಯೇ? ಹೈಸ್ಕೂಲು ಮುಗಿದಿತ್ತು. "ಇವ್ಳಿಗೆ ಗೋಡೆ ಕಂಡ್ರೆ ಸಾಕು ಸಾ, ಚಿತ್ರ ಬರ್ದುಬುಡ್ತಾಳೆ. ನೀವೇ ಒಂದು ದಾರಿ ತೋರ್ಸಿ" ಎಂದು ಅಪ್ಪ ಕೈಕಟ್ಟಿ ನಿಂತಿದ್ದರು. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನೀವು ಆಗಷ್ಟೇ ನಿವೃತ್ತರಾಗಿದ್ದಿರಿ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ನನ್ನ ಉಗುರಿನ ಸಂದಿಯಲ್ಲಿ ಸೊಪ್ಪಿನ ಅಂಟು ಇನ್ನೂ ಕಪ್ಪಗಿತ್ತು. ನೀವು ಮುಖ ನೋಡಲಿಲ್ಲ, ಕೈ ನೋಡಿದಿರಿ. "ಒಣಗ್ಸೋಕೆ ಕಡ್ಡಿಗೆ ಸೊಪ್ಪು ಕಟ್ತೀಯೇನಮ್ಮ?" ಎಂದಿರಿ. ಹೂಂ ಎಂದೆ. "ಹಂಗಾದ್ರೆ ಬೆರಳು ಓಡ್ತವೆ. ನಾಳೆಯಿಂದ ಬಾ" ಎಂದಿರಿ. ನಾನು ಅವತ್ತು ರಾತ್ರಿ ಊಟ ಮಾಡಲಿಲ್ಲ, ಅಷ್ಟು ಖುಷಿ.

ಬೆರಳು ಓಡಿದವು ಮೇಷ್ಟ್ರೇ. ಬಿಳಿ ಪುಡಿಗೆ ಗೋಂದು ಕಲಸಿ, ಕೂದಲೆಳೆಯಂಥ ಕುಂಚದಿಂದ ದೇವಿಯ ಒಡವೆಗಳನ್ನು ಹಾಳೆಯ ಮೇಲೆ ಉಬ್ಬಿಸುವುದು, ಅದು ಒಣಗಿದ ಮೇಲೆ ಉಸಿರು ಬಿಗಿಹಿಡಿದು ಚಿನ್ನದ ರೇಕು ಕೂರಿಸುವುದು, ಎಲ್ಲ ನನ್ನ ಪಾಲಿನ ಕೆಲಸವಾಯಿತು. ನಿಮ್ಮ ಕೈ ನಡುಗಲು ಶುರುವಾದ ಮೇಲಂತೂ ರೇಖೆಯೂ ನನ್ನದೇ, ಬಣ್ಣವೂ ನನ್ನದೇ. ಕೈ ನಡುಗಿದರೂ ಕಣ್ಣು ಮಾತ್ರ ನಿಮ್ಮದು. ಚಿತ್ರದ ಕಣ್ಣನ್ನು ಕೊನೆಗೆ ತೆರೆಯಬೇಕು, ಗುರುವೇ ತೆರೆಯಬೇಕು ಎಂಬುದು ನಿಮ್ಮ ಮನೆಯ ಕಟ್ಟಳೆ. ಆ ದಿನ ನೀವು ತಲೆಗೆ ಸ್ನಾನ ಮಾಡಿ, ದೇವಿಯ ಮೊದಲ ನೋಟ ಬೀಳಲೆಂದು ಚಿತ್ರದ ಮುಂದೆ ಕನ್ನಡಿ ಇಟ್ಟುಕೊಂಡು, "ಪದ್ಮಾ, ಒಸಿ ಆಚೆಗೆ ಹೋಗು" ಎನ್ನುತ್ತಿದ್ದಿರಿ. ನಾನು ಹಿತ್ತಲಲ್ಲಿ ಅಮ್ಮಾವ್ರ ಜೊತೆ ಅವರೆಕಾಳು ಸುಲಿಯುತ್ತಾ ಕೂರುತ್ತಿದ್ದೆ. ಒಳಗೆ ಬಂದರೆ, ಬೆಳಗ್ಗೆ ಕುರುಡಾಗಿದ್ದ ಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

"ಕಣ್ಣು ಯಾವಾಗ ಹೇಳ್ಕೊಡ್ತೀರಿ ಮೇಷ್ಟ್ರೇ?" ಎಂದು ನಾನು ಕೇಳದ ವರ್ಷವಿಲ್ಲ. ಒಂದು ಸಲ ಯುಗಾದಿಯ ದಿನ ಬೇವುಬೆಲ್ಲ ಬಾಯಲ್ಲಿರುವಾಗಲೇ ಕೇಳಿದೆ, ಹಬ್ಬದ ದಿನ ಇಲ್ಲ ಎನ್ನಲಾರರು ಎಂದು. ನೀವು ನಕ್ಕಿರಿ. "ಕಣ್ಣು ಹೇಳ್ಕೊಡೋದಲ್ಲ ಕಣಮ್ಮ. ಅದು ಬರೋದು. ಬರೋ ಕಾಲಕ್ಕೆ ಬತ್ತದೆ" ಎಂದಿರಿ. ನಾನು ನಂಬಿದೆ. ಇನ್ನೂ ನನಗೆ ಯೋಗ್ಯತೆ ಬಂದಿಲ್ಲ ಎಂದುಕೊಂಡು ಮತ್ತೆ ಕುಂಚ ತೊಳೆಯಲು ಕೂತೆ. ಸುಮ್ಮನೆ ಅಲ್ಲ ಮೇಷ್ಟ್ರೇ, ಪೂರ್ತಿ ನಂಬಿದ್ದೆ. ನನ್ನನ್ನು ನೋಡಲು ಬಂದ ಗಂಡುಗಳನ್ನು ಬೇಡ ಎನ್ನುವಷ್ಟು...

ಆಮೇಲೆ ನಿಮ್ಮ ಶನಿವಾರಗಳು ಶುರುವಾದವು. ಬೆಳಗ್ಗೆಯೇ ಇಸ್ತ್ರಿ ಅಂಗಿ ಹಾಕಿ, ಬಣ್ಣ ತರುತ್ತೇನೆ ಎಂದು ಹುಣಸೂರಿನ ಬಸ್ಸು ಹತ್ತುತ್ತಿದ್ದಿರಿ. ಎಷ್ಟು ಬಣ್ಣ ಬೇಕಾಗುತ್ತದೆ ಒಬ್ಬ ಮನುಷ್ಯನಿಗೆ? ವಾಪಸು ಬರುವಾಗ ಮುಖ ಅರಳಿರುತ್ತಿತ್ತು, ಅಮ್ಮಾವ್ರಿಗೆ ಬೆಣ್ಣೆ ಬಿಸ್ಕತ್ತು, ನನಗೂ ಎರಡು. ಅಲ್ಲಿ ಹಳೆಯ ಸ್ನೇಹಿತರು ಯಾರೋ ಇದ್ದಾರೆ ಎಂದುಕೊಂಡು ನಾನೂ ಸಂತೋಷಪಟ್ಟೆ.

ನೀವು ತೀರಿಕೊಂಡು ಎರಡು ಮೂರು ತಿಂಗಳಾಗಿರಬೇಕು. ಕೃಷ್ಣರಾಜನಗರದವರೊಬ್ಬರು ಮಗನ ಗೃಹಪ್ರವೇಶಕ್ಕೆ ನಿಮ್ಮ ಮನೆಯ ಗಜಲಕ್ಷ್ಮಿಯಂಥದ್ದೇ ಚಿತ್ರ ಬೇಕು ಎಂದರು, ಹಳೆಯದರ ಫೋಟೋ ಕೇಳಿದರು. ಫೋಟೋಗಳೆಲ್ಲ ಹುಣಸೂರಿನ ಸೈಬರ್ ಸೆಂಟರಿನಲ್ಲಿವೆ ಎಂದು ಅಮ್ಮಾವ್ರು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಹೋದೆ. ಅಂಗಡಿ ನಡೆಸುವ ಶೋಭಾ ನಿಮ್ಮ ಹೆಸರು ಕೇಳಿದ್ದೇ ಎದ್ದು ಕುರ್ಚಿ ಕೊಟ್ಟಳು. ನಿಮ್ಮ ಹತ್ತಿರ ಕಲಿತವಳು ಎಂದೆ, ನೀವು ಹೋದ ಸುದ್ದಿಯನ್ನೂ ಹೇಳಿದೆ. "ಮೇಷ್ಟ್ರು ತೀರ್ಕೊಂಡ್ರಾ? ಅಯ್ಯೋ, ಶನಿವಾರ ಶನಿವಾರ ಅದೇ ಮೂಲೇಲಿ ಕೂರೋರು ಕಣಕ್ಕಾ. ಅವರ ಗುಂಪಿನೋರು ಬರ್ದು ಬರ್ದು ಇಟ್ಟವ್ರೆ, ಮೇಷ್ಟ್ರು ಎಲ್ಲಿ, ಹುಷಾರಾಗವ್ರಾ ಅಂತ" ಎಂದಳು. ನನಗೆ ಗುಂಪು ಎಂದರೇನೆಂದೇ ಗೊತ್ತಿರಲಿಲ್ಲ. ಲೋಕದ ಮೂಲೆ ಮೂಲೆಯಿಂದ ಕೈಯಿಂದಲೇ ಚಿತ್ರ ಬರೆಯುವವರು ಇಂಟರ್ನೆಟ್ಟಿನಲ್ಲಿ ಸೇರಿ ತಮ್ಮ ಚಿತ್ರ ತೋರಿಸಿ, ಪ್ರಶ್ನೆ ಕೇಳಿ, ಒಬ್ಬರಿಗೊಬ್ಬರು ಹೇಳಿಕೊಡುವ ಜಾಗ ಅದು ಎಂದು ಅವಳೇ ವಿವರಿಸಿದಳು. ನನ್ನ ಇಂಗ್ಲಿಷು ಹೈಸ್ಕೂಲಿಗೇ ನಿಂತಿತ್ತು. ಅವಳು ಒಂದೊಂದೇ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು.

ಮಾರ್ತಾ ಎಂಬ ಒಬ್ಬಾಕೆ, ಯಾವುದೋ ಹಿಮ ಬೀಳುವ ದೇಶದವಳು. ಆಕೆಯ ಸರಸ್ವತಿಯನ್ನು ನೋಡಿದರೆ ನಗು ಬರುತ್ತಿತ್ತು, ವೀಣೆಯನ್ನು ಅಳುವ ಕೂಸಿನಂತೆ ಎತ್ತಿಕೊಂಡಿದ್ದಾಳೆ. ಅದರ ಕೆಳಗೆ ನೀವು ಬರೆದಿದ್ದೀರಿ, "ಬಹಳ ಚೆನ್ನಾಗಿದೆ. ನಿಮ್ಮ ಗೆರೆಯಲ್ಲಿ ಭಕ್ತಿ ಇದೆ." ಚೆನ್ನಾಗಿದೆ! ಆ ಮಾತು ನಿಮಗೆ ಬರುತ್ತಿತ್ತೇ ಮೇಷ್ಟ್ರೇ? ನನಗೆ ಸಿಕ್ಕಿದ್ದು "ಪರವಾಗಿಲ್ಲ" ಮಾತ್ರ, ಅದೂ ದೀಪಾವಳಿಗೊಮ್ಮೆ. ಅದು ಸಿಕ್ಕಿದ ದಿನ ಬಸ್ಸಿನಲ್ಲಿ ಊರಿನವರೆಗೂ ಕಿಟಕಿಯಾಚೆ ನೋಡಿ ನಗುತ್ತಾ ಹೋಗುತ್ತಿದ್ದೆ. ಆಮೇಲೆ ಆಕೆ ಕೇಳಿದ್ದಾಳೆ, ದೇವಿಯ ಕಣ್ಣು ಹೇಗೆ ಬರೆಯುವುದು ಎಂದು. ನೀವು ಹೇಳಿಕೊಟ್ಟಿದ್ದೀರಿ. ಎರಡು ಪುಟ. ಒಂದು ಕಣ್ಣು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಎರಡರ ಮೇಲಿನ ರೆಪ್ಪೆ ಮೊದಲು ಎಳೆಯಿರಿ. ಗುಡ್ಡೆ ನಟ್ಟ ನಡುವೆ ಬೇಡ, ರೆಪ್ಪೆಗೆ ತಾಗಿಕೊಂಡಿರಲಿ. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ತಪ್ಪು ತಾನೇ ಕಾಣುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳಿ, ಸಂಕೋಚ ಬೇಡ ಎಂದು ಕೊನೆಗೆ ಬೇರೆ!

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಮಾಡಿದವರು ನಿಮ್ಮಂಥವರನ್ನು ನೋಡಿಯೇ ಮಾಡಿರಬೇಕು. ಆದರೂ ಅಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಕೆಳಗೆ ನಮ್ಮ ಗಜಲಕ್ಷ್ಮಿಯ ಚಿತ್ರವಿತ್ತು. ಅವಳ ಸೊಂಟದ ಡಾಬಿನ ಒಂದೊಂದು ಮಣಿಯೂ ನನ್ನ ಕೈಯದು. ಯಾರೋ ಕೇಳಿದ್ದರು, ಈ ಒಡವೆಯ ಕೆಲಸ ಯಾರದು, ನಿಮ್ಮ ನಂತರ ಇದನ್ನು ಮಾಡುವವರು ಇದ್ದಾರೆಯೇ? ಶೋಭಾ ನಿಮ್ಮ ಉತ್ತರವನ್ನು ಓದಿದಳು. "ಎಲ್ಲ ನಾನೊಬ್ಬನೇ. ಇಲ್ಲಿ ಕಲಿಯುವವರು ಯಾರೂ ಇಲ್ಲ. ಈ ವಿದ್ಯೆ ನನ್ನ ಜೊತೆಗೇ ಹೋಗುತ್ತದೆ." ಅದರ ಕೆಳಗೆ ಉದ್ದಕ್ಕೂ ಸಮಾಧಾನದ ಮಾತುಗಳು. ಅಯ್ಯೋ ಪಾಪ ಎಂದವರೆಷ್ಟು, ನೀವೇ ಕೊನೆಯ ಕೊಂಡಿ ಎಂದು ಕಣ್ಣೀರಿಟ್ಟವರೆಷ್ಟು! ಶೋಭಾ ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಕ್ಕಾ, ನೀವು ಅವರ ತಾವೇ ಕಲ್ತೋರಲ್ವಾ?" ಎಂದಳು.

ಹೇಳಿ, ನಾನು ಆಗ ಎಲ್ಲಿದ್ದೆ? ನೀವು ಅದನ್ನು ಟೈಪು ಮಾಡುತ್ತಿದ್ದ ಶನಿವಾರ ನಾನು ನಿಮ್ಮ ಜಗುಲಿಯಲ್ಲೇ ಬೆನ್ನು ಬಗ್ಗಿಸಿ ಕೂತು ಚಿನ್ನ ಅಂಟಿಸುತ್ತಿರಲಿಲ್ಲವೇ? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಅದು ಸರಿ. ಆದರೆ ಹಿತ್ತಲಲ್ಲಿ ಗಿಡವೇ ಇಲ್ಲ ಎಂದು ಸಾರಿದವರನ್ನು ನಾನು ನೋಡಿದ್ದು ಇದೇ ಮೊದಲು. ಹೊಗೆಸೊಪ್ಪಿನವರ ಹುಡುಗಿ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತೇ? ಕಣ್ಣು ಕಲಿತರೆ ಇವಳು ಎದ್ದು ಹೋಗುತ್ತಾಳೆ, ಆಮೇಲೆ ಒಡವೆ ಉಬ್ಬಿಸುವವರು ಯಾರು ಎಂಬ ಲೆಕ್ಕವೇ? ಅಥವಾ ಕೊನೆಯವನು ಎನ್ನಿಸಿಕೊಳ್ಳುವುದರಲ್ಲಿ ಅಷ್ಟು ರುಚಿ ಇತ್ತೇ? ಯಾವುದಾದರೂ ಒಂದನ್ನು ಹೇಳಿದ್ದರೂ ನಾನು...

ನಿಮ್ಮ ಸಾವಿನ ಸುದ್ದಿಯನ್ನು ಅವರಿಗೆ ತಿಳಿಸಿದವಳು ನಾನೇ. ಶೋಭಾ ನನ್ನ ಹೆಸರಿನಲ್ಲಿ ಒಂದು ಖಾತೆ ತೆರೆದಳು. ಮೇಷ್ಟ್ರು ಹೋದರು, ನಾನು ಅವರ ಶಿಷ್ಯೆ ಎಂದು ಬರೆಸಿದೆ. ನಂಬಲಿಲ್ಲ ಮೇಷ್ಟ್ರೇ. ಅವರಿಗೆ ಶಿಷ್ಯರೇ ಇರಲಿಲ್ಲವಲ್ಲ, ಅವರೇ ಹೇಳಿದ್ದಾರಲ್ಲ ಎಂದರು. ಹೋದವರ ಹೆಸರನ್ನು ಬಳಸಿಕೊಳ್ಳಬೇಡಿ ಎಂದು ಒಬ್ಬರು ಗದರಿಸಿದರು. ನಿಜವಾದರೆ ಪೂರ್ತಿ ಚಿತ್ರ ಒಂದನ್ನು ನೀವೇ ಬರೆದು ತೋರಿಸಿ ಎಂದರು. ನಾನು ನಿಮ್ಮ ಹತ್ತಿರ ಕಳೆದ ವರ್ಷಗಳಿಗೆ ಪರದೇಶದವರ ಮುಂದೆ ಪುರಾವೆ ಕೊಡಬೇಕಾಯಿತು.

ಬರೆದೆ. ಲಕ್ಷ್ಮಿಯನ್ನೇ ಬರೆದೆ, ಹಂತ ಹಂತಕ್ಕೂ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಒಡವೆ ಕಂಡ ಕೂಡಲೇ ಅವರೆಲ್ಲ ಇದು ಗಜಲಕ್ಷ್ಮಿಯದೇ ಕೈ ಎಂದು ಗುರುತು ಹಿಡಿದರು. ಆದರೆ ಕಣ್ಣು? ನಿಮ್ಮ ಎರಡು ಪುಟವನ್ನು ಅಂದು ಸಿಟ್ಟಿನಲ್ಲಿ ಅರ್ಧ ಕಿವಿಯಲ್ಲಿ ಕೇಳಿದ್ದೆ, ಮತ್ತೆ ಓದಿಸಲು ಮನಸ್ಸು ಒಪ್ಪಲಿಲ್ಲ. ನನಗೆ ತೋಚಿದಂತೆ ಬರೆದೆ, ಮೆಳ್ಳಗಣ್ಣಾಯಿತು. ಲಕ್ಷ್ಮಿ ಒಂದು ಕಣ್ಣಲ್ಲಿ ನನ್ನನ್ನೂ ಇನ್ನೊಂದರಲ್ಲಿ ಬಾಗಿಲನ್ನೂ ನೋಡುತ್ತಿದ್ದಳು. ಆಗ ಮಾರ್ತಾ ಬರೆದಳು. ತಲೆಕೆಳಗು ಮಾಡಿ ನೋಡು ಮಗಳೇ, ನಿನ್ನ ಗುರುಗಳು ನನಗೆ ಹಾಗೇ ಹೇಳಿದ್ದರು ಎಂದಳು. ಮಾಡಿದೆ. ತಪ್ಪು ಎದ್ದು ಕಂಡಿತು. ತಿದ್ದಿದೆ. ನಿಮ್ಮಿಂದ ನಾಲ್ಕು ಮೊಳ ದೂರ ಕೂತಿದ್ದವಳಿಗೆ ನಿಮ್ಮ ಕಣ್ಣಿನ ವಿದ್ಯೆ ಏಳು ಸಮುದ್ರ ಸುತ್ತಿಕೊಂಡು ಬಂತು. ಕಣ್ಣು ತೆರೆದ ಲಕ್ಷ್ಮಿಯ ಮುಂದೆ ಕೂತು ನಾನು ಜೋರಾಗಿ ಅತ್ತೆ. ಅವ್ವ ಅಡುಗೆಮನೆಯಿಂದ ಓಡಿಬಂದು ಯಾರು ಏನಂದ್ರವ್ವ ಎಂದು ಕೇಳಿದಳು. ಯಾರೂ ಏನೂ ಅಂದಿರಲಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಇಲ್ಲೇ ನಮ್ಮ ತಾಲ್ಲೂಕಿನ ಕೊಪ್ಪದಿಂದ ಇಬ್ಬರು ಹುಡುಗಿಯರು ಈಗ ನನ್ನ ಹತ್ತಿರ ಕಲಿಯಲು ಬರುತ್ತಾರೆ. ಬಂದ ಮೊದಲ ದಿನವೇ ಇಬ್ಬರಿಗೂ ಕಣ್ಣು ಬರೆಸಿದೆ. ಸ್ನಾನವಿಲ್ಲ, ಕನ್ನಡಿಯಿಲ್ಲ, ಯಾರನ್ನೂ ಆಚೆಗೆ ಕಳಿಸಲಿಲ್ಲ. ಹಾಳೆ ತುಂಬ ಗೂಬೆಗಣ್ಣು, ಕೋಳಿಗಣ್ಣು, ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಅವರ ಹಾಳೆಗಳನ್ನು ಗುಂಪಿಗೆ ಹಾಕಿಸಿ, ಇಬ್ಬರ ಹೆಸರನ್ನೂ ಊರನ್ನೂ ಬರೆಸಿದೆ. ಹೊರಡುವಾಗ ಚಿಕ್ಕವಳು ಚಪ್ಪಲಿ ಮೆಟ್ಟುತ್ತಾ, "ಅಕ್ಕಾ, ನಿಮ್ಗೆ ಇದ್ನೆಲ್ಲ ಯಾರು ಹೇಳ್ಕೊಟ್ರು?" ಎಂದು ಕೇಳಿದಳು.

ನಿಮ್ಮ ಹೆಸರು ನಾಲಗೆಯ ತುದಿಯವರೆಗೂ ಬಂತು. ಹೇಳಲಿಲ್ಲ. "ಬಸ್ಸು ತಪ್ತದೆ, ಹೋಗ್ರಮ್ಮ" ಎಂದೆ. ಹೇಳುತ್ತೇನೆ ಮೇಷ್ಟ್ರೇ, ಹೇಳದೆ ಸಾಯುವುದಿಲ್ಲ, ಇದು ನನ್ನ ಮಾತು. ಈ ಸಿಟ್ಟು ಇಳಿಯಲಿ. ಅಲ್ಲಿಯವರೆಗೆ ನೀವೂ ಒಂದಷ್ಟು ದಿನ ಹೆಸರಿಲ್ಲದೆ ಇರಿ.

ನಿಮ್ಮ ಶಿಷ್ಯೆ,
ಪದ್ಮ