ಮರೆಗುಳಿಯ ಪಾಸು

ಭಾನುವಾರ, ಮಾರ್ಚ್ ೯

ನನ್ನ ಮರೆಗುಳಿ ಯಜಮಾನರಿಗೆ,

ನಿಮ್ಮ ಲಕೋಟೆ ತಲುಪಿತು. ಮೇಲೆ ವಕೀಲರ ಹೆಸರು ನೋಡಿ ನಿಂತಲ್ಲೇ ಹರಿದೆ. ಒಳಗೆ ವಿಚ್ಛೇದನದ ಕಾಗದ, ಜೊತೆಗೆ ನಿಮ್ಮ ಕೈಬರಹದ ಮೂರೇ ಸಾಲು. ನೀವು ಮಾಡಿದ ಹಳೇ ರೇಡಾರನ್ನು ಸೇನೆಗೆ ಸುಧಾರಿಸಿಕೊಡಲು ಕಂಪನಿಯವರು ನಿಮ್ಮನ್ನೇ ವಾಪಸ್ ಕರೆದಿದ್ದಾರೆ. ಭದ್ರತಾ ಮುಖ್ಯಸ್ಥೆಯ, ಅಂದರೆ ನನ್ನ, ಗಂಡನಿಗೆ ಒಳಗಿನ ಲ್ಯಾಬ್‌ನ ಪಾಸು ಕೊಡುವಂತಿಲ್ಲ. ಆದ್ದರಿಂದ ಸಹಿ ಮಾಡಿ ಕಳಿಸು. ಬರೀ ಕಾಗದದ ಮಟ್ಟಿಗೆ ಅಂತ ಬೇರೆ. ಒಂಬತ್ತು ವರ್ಷ ಬೇರೆ ಬೇರೆ ಇದ್ದರೂ ಇಬ್ಬರಿಗೂ ನೆನಪಾಗದ ಕೆಲಸ ಈಗ ನಿಮಗೊಬ್ಬರಿಗೇ ನೆನಪಾಯಿತಲ್ಲ, ಭೇಷ್!

ಓದಿ ಅತ್ತೆ. ಮೂರು ಸಾಲಿಗೆ ಅತ್ತೆನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಆಮೇಲೆ ಕಾಫಿ ಮಾಡಿಕೊಂಡು ಕಿಟಕಿಯ ಹತ್ತಿರ ಕೂತರೆ ಬರೀ ಹಳೆಯದೇ ನೆನಪು.

ಆಗ ನಾನು ಗೇಟಿನ ಪಕ್ಕದ ಕೋಣೆಯಲ್ಲಿ, ಗಾಜಿನ ಕಿಂಡಿಯ ಹಿಂದೆ ಕೂತು ಪಾಸು ಬರೆಯುವವಳು. ನೀವು ಹೊಸದಾಗಿ ಸೇರಿದ ಇಂಜಿನಿಯರು. ಎರಡು ದಿನಕ್ಕೊಮ್ಮೆ ಪಾಸು ಮರೆತು ಬರುತ್ತಿದ್ದಿರಿ. ಮರೆತವರು, ತಮ್ಮ ವಿಭಾಗದವರು ಬಂದು ಹೌದು, ಇವರು ನಮ್ಮವರೇ ಅನ್ನುವ ತನಕ ಬೆಂಚಿನ ಮೇಲೆ ಕೂರಬೇಕಿತ್ತು. ನಿಮ್ಮ ಸಾಹೇಬರು ಎಂದೂ ಬೇಗ ಬಂದವರಲ್ಲ. ನೀವೋ, ಫ್ಯಾನಿನ ಸದ್ದು ಕೇಳಿ ಅದಕ್ಕೆ ಏನು ಕಾಯಿಲೆ ಅಂತ ನನಗೆ ವಿವರಿಸುತ್ತಿದ್ದಿರಿ. ಒಂದು ದಿನ ಶೂ ಲೇಸು ಕಟ್ಟಲು ಬಗ್ಗಿದಾಗ ಜೇಬಿನಿಂದ ಪಾಸಿನ ನೀಲಿ ದಾರ ಇಣುಕಿತು. ಮರೆವಿಗೆ ನನ್ನ ಹತ್ರ ಔಷಧಿ ಇದೆ, ಸಂಜೆ ಬಸ್ ಸ್ಟಾಪಿಗೆ ಬನ್ನಿ, ಕೊಡ್ತೀನಿ ಅಂದೆ. ನಿಮ್ಮ ಮುಖ ನೋಡಬೇಕಿತ್ತು! ಎರಡೂ ಕಿವಿ ಕೆಂಪಗಾಗಿದ್ದವು.

ಮದುವೆಯಾದ ಮೇಲಿನ ನಮ್ಮ ಸಂಜೆಗಳು ನೆನಪಿವೆಯಾ? ಲ್ಯಾಬ್‌ನ ಮಾತು ನೀವು ಎತ್ತುವಂತಿಲ್ಲ, ಭದ್ರತಾ ವಿಚಾರಣೆಯ ಮಾತು ನಾನು ಎತ್ತುವಂತಿಲ್ಲ. ಹೊಟ್ಟೆ ತುಂಬ ಗುಟ್ಟು ಇಟ್ಟುಕೊಂಡು ಇಬ್ಬರೂ ಅಡುಗೆಮನೆಯ ಸೋರುವ ನಲ್ಲಿಯ ಬಗ್ಗೆ ಗಂಟೆಗಟ್ಟಲೆ ಹರಟುತ್ತಿದ್ದೆವು. ಅದನ್ನು ರಿಪೇರಿ ಮಾಡಿಸಿದರೆ ಮಾತಿಗೇನು ಗತಿ ಅಂತ ನೀವು ಪ್ಲಂಬರನ್ನು ಕರೆಸಲೇ ಇಲ್ಲ. ಕೆಲಸ ಚೆನ್ನಾಗಿ ಸಾಗಿದ ದಿನ ಸಿಳ್ಳೆ ಹಾಕುತ್ತ ಬರುತ್ತಿದ್ದಿರಿ, ಕೆಟ್ಟ ದಿನ ಬಾಯಿ ಬಿಡದೆ ಪಾತ್ರೆ ತೊಳೆಯುತ್ತಿದ್ದಿರಿ. ನನಗೆ ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಅಷ್ಟು ಸುಖವಾಗಿ ನಾನು ಆಮೇಲೆ ಇರಲಿಲ್ಲ.

ನಾನು ಮುಖ್ಯಸ್ಥೆಯಾದ ದಿನ ಬೀಗಮ್ಮ ಅಂತ ಹೆಸರಿಟ್ಟವರೂ ನೀವೇ. ವಾರದೊಳಗೆ ಅದು ನಾಲ್ಕೂ ಕಟ್ಟಡಕ್ಕೆ ಹಬ್ಬಿತು. ಕ್ಯಾಮೆರಾ, ಕಾವಲುಗಾರರು, ಮೇಜಿನ ಮೇಲೆ ಮರೆತುಬಿಟ್ಟ ನಕ್ಷೆಗಳು, ಎಲ್ಲಕ್ಕೂ ನಾನೇ ಹೊಣೆ. ಹಾಗಾಗಿಯೇ ಆ ಕೇಕಿನ ಡಬ್ಬಿಗಳು. ಎರಡೂ ಕೈಯಲ್ಲಿ ಡಬ್ಬಿ ಹಿಡಿದ, ಪಾಸಿಲ್ಲದ ಹೆಂಗಸನ್ನು ಪರೀಕ್ಷೆಗೆಂದು ಕಳಿಸಿದವಳು ನಾನು. ಮೂರು ಕಟ್ಟಡಗಳಲ್ಲಿ ಅವಳನ್ನು ಬಾಗಿಲಲ್ಲೇ ತಡೆದರು. ನೀವು ಮಾತ್ರ ನಿಮ್ಮ ಕಾರ್ಡಿನಿಂದ ಬಾಗಿಲು ತೆರೆದು, ಅಯ್ಯೋ ಭಾರ ಇದೆ ಕೊಡಿ ಅಂತ ಒಂದು ಡಬ್ಬಿ ಹೊತ್ತು, ಲ್ಯಾಬ್‌ನ ಒಳಗಿನ ತನಕ ಬಿಟ್ಟು ಬಂದಿರಿ!

ಆರು ತಿಂಗಳು ನಿಮ್ಮ ಪಾಸು ರದ್ದು ಮಾಡಿದೆ. ಇವತ್ತಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕ್ಷಮೆ ಗಿಮೆ ಕೇಳುತ್ತೇನೆಂದು ಕಾಯಬೇಡಿ. ಆದರೆ ನಿಮ್ಮ ರೇಡಾರ್ ಮೊದಲ ಸಲ ತಿರುಗಿದ ದಿನ ನೀವು ಗೇಟಿನ ಹೊರಗಿದ್ದಿರಿ, ಅದನ್ನು ನಾನೂ ಮರೆತಿಲ್ಲ. ಹೆಂಡತಿ ಜೊತೆ ಬಾಳಬಹುದು, ಕಾವಲಿನವಳ ಜೊತೆ ಆಗಲ್ಲ ಅಂದಿರಿ. ಕೆಲಸವನ್ನೂ ಬಿಟ್ಟಿರಿ, ಮನೆಯನ್ನೂ ಬಿಟ್ಟಿರಿ. ಕೈ ತುಂಬ ಹೊರೆ ಇದ್ದವರನ್ನು ಕಂಡರೆ ನೆರವಿಗೆ ಓಡುವ ನಿಮ್ಮ ಆ ಗುಣಕ್ಕೇ ನಾನು ಮನಸೋತದ್ದು. ಹೇಳೋಣವೆಂದರೆ ಆಗ ಸಿಟ್ಟು ನನ್ನ ಬಾಯಿ ಕಟ್ಟಿತ್ತು.

ನೀವು ಹೋದ ಮೇಲೆ ಬೆನ್ನ ಹಿಂದೆ ಮಾತೋ ಮಾತು. ಗಂಡ ಅಂತ ಬರೀ ಆರು ತಿಂಗಳ ಶಿಕ್ಷೆ ಕೊಟ್ಟಳು ಅಂತ ಕೆಲವರು, ಗಂಡನಿಗೂ ಕನಿಕರ ತೋರದ ಕಲ್ಲೆದೆಯವಳು ಅಂತ ಕೆಲವರು. ರೋಸಿಹೋಗಿ, ಭದ್ರತಾ ಮುಖ್ಯಸ್ಥರ ಮನೆಯವರಿಗೆ ಒಳಗಿನ ಲ್ಯಾಬೇ ಬೇಡ ಎಂಬ ನಿಯಮ ಬರೆದುಬಿಟ್ಟೆ. ಈಗ ಅದು ನನ್ನ ಕಾಲಿಗೇ ತೊಡರಿಕೊಂಡಿದೆ. ನನ್ನ ಸಹಾಯಕಿ ಎಲ್ಲರಂತೆ ನಿಮ್ಮನ್ನೂ ಜಾಲಾಡಿ ಒಪ್ಪಿಗೆ ಕೊಟ್ಟಿದ್ದಾಳೆ. ಈ ನಿಯಮ ಒಂದೇ ಅಡ್ಡ. ಒಂದು ಸಲಕ್ಕೆ ಸಡಿಲ ಮಾಡೋಣ ಮೇಡಂ, ಯಾರು ಕೇಳ್ತಾರೆ ಅಂದಳು. ನಾನು ಕೇಳ್ತೀನಿ ಅಂದೆ.

ನಿಮ್ಮ ಪತ್ರದ ಕೊನೆಯಲ್ಲಿ ಇಂತಿ ನಿನ್ನ ಅಂತ ಬರೆದು, ಆ ನಿನ್ನ ಎಂಬುದನ್ನು ಗೀಚಿ ಗೀಚಿ ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿದೆ. ಇದು ನನ್ನ ಕಸುಬು, ನನ್ನ ಹತ್ತಿರ ನಡೆಯುವುದಿಲ್ಲ.

ಕಾಗದವನ್ನು ಸಹಿ ಮಾಡದೆ ವಾಪಸ್ ಕಳಿಸುತ್ತಿದ್ದೇನೆ. ಹಾರಾಡಬೇಡಿ. ಬುಧವಾರ ಗೇಟಿಗೆ ಹೋಗಿ, ನಿಮ್ಮ ಪಾಸು ಸಿದ್ಧವಿರುತ್ತದೆ. ಹೊಟ್ಟೆಗೆ ಏನಾದರೂ ತಿಂದು ಹೋಗಿ, ಕೆಲಸ ಹಿಡಿದರೆ ನಿಮಗೆ ಊಟದ ಗ್ಯಾನ ಇರುವುದಿಲ್ಲ.

ಇಂತಿ ನಿಮ್ಮ,
ಬೀಗಮ್ಮ

ತಾ.ಕ.: ಪಾಸು ಹೇಗೆ ಬಂತು ಅಂತ ಅಲ್ಲಿ ಯಾರನ್ನೋ ಕೇಳಿ ತಿಳಿಯುವ ಬದಲು ನಾನೇ ಹೇಳುತ್ತೇನೆ. ಶುಕ್ರವಾರ ರಾಜೀನಾಮೆ ಕೊಟ್ಟೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಸಹಾಯಕಿ ನಾನೇ ಕಲಿಸಿಕೊಟ್ಟಂತೆ ನನ್ನ ಪಾಸನ್ನು ನನ್ನ ಕಣ್ಣೆದುರೇ ಕತ್ತರಿಸಿ, ಗೇಟಿನ ತನಕ ಬಂದು ಕಳಿಸಿಕೊಟ್ಟಳು. ಪಾಪ, ಅತ್ತುಬಿಟ್ಟಳು. ನನಗೆ ಅಳು ಬರಲಿಲ್ಲ. ಮುಖ್ಯಸ್ಥೆ, ನಿಮ್ಮ ಹೆಂಡತಿ, ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು, ಕುರ್ಚಿ ಬಿಟ್ಟೆ.