ಮಾವನ ಡಬ್ಬಿಯ ಗುರುವಾರ

ಫೆಬ್ರವರಿ 10, ಬೆಳಿಗ್ಗೆ

ಮತ್ತೆ ಬೆಳಕಾಗುವ ಮೊದಲೇ ಎಚ್ಚರ. ಅಂಗಾಲು ಉರಿ. ಒದ್ದೆ ಟವೆಲ್ ಸುತ್ತಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಹಾಲು ಕಾಯಿಸಿದೆ. ಮಾವನಿಗೆ ಲೋಟ ಕೊಡುವಾಗ ತಟ್ಟೆಗೆ ತಾಗಿ ಕಟಕಟ ಅಂದಿತು. ಮಾವ ಪೇಪರಿನಿಂದ ತಲೆ ಎತ್ತದೆ ಲೋಟ ತೆಗೆದುಕೊಂಡರು. ನೋಡಿಯೂ ನೋಡದಂತೆ ಇರುವುದು ಅವರಿಗೆ ಬರುತ್ತದೆ. ಅವರ ಮಗನಿಗೆ ಬರುವುದಿಲ್ಲ.

"ಇವತ್ತೂ ನಿದ್ದೆ ಇಲ್ವಾ?" ಅಂದರು ಇವರು, ಶೂ ಲೇಸ್ ಬಿಗಿಯುತ್ತಾ. ಕೇಳುವುದು ಪ್ರೀತಿಯಿಂದಲೇ. ಆದರೂ ಕದ್ದು ಸಿಕ್ಕಿಬಿದ್ದ ಹಾಗಾಗುತ್ತದೆ.

"ಬಂತು ಸ್ವಲ್ಪ" ಅಂದೆ. ಸುಳ್ಳು.

ಯಾವುದೋ ಆಸ್ಪತ್ರೆಯ ಲಿಫ್ಟ್ ಮಧ್ಯದಲ್ಲೇ ನಿಂತಿದೆಯಂತೆ. ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಓಡಿದರು. ಕೆಟ್ಟು ನಿಂತದ್ದನ್ನೆಲ್ಲ ಎರಡು ಗಂಟೆಯಲ್ಲಿ ಸರಿ ಮಾಡಿ ಬರುವ ಮನುಷ್ಯ. ನನ್ನ ಜೊತೆ ಎರಡನೇ ವರ್ಷ ಒದ್ದಾಡುತ್ತಿದ್ದಾರೆ.

ನಿದ್ದೆ ಮಾತ್ರೆಯ ಕೊನೆಯ ಚೂರು ನುಂಗಿದ್ದು ಡಿಸೆಂಬರಿನಲ್ಲಿ. ಡಾಕ್ಟರಮ್ಮ ಹೇಳಿಕೊಟ್ಟಂತೆ ಬ್ಲೇಡಿನಲ್ಲಿ ಮಾತ್ರೆ ಕೆರೆದು ಕೆರೆದು ಕಮ್ಮಿ ಮಾಡಿದ್ದು. ಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಬಿಟ್ಟ ಮೇಲೂ ಅದರ ಸಂಕಟ ತಿಂಗಳುಗಟ್ಟಲೆ ಎಳೆಯಬಹುದು ಎಂದು ಅವರು ಹೇಳಿದ್ದರು. ಕಿವಿಗೆ ಹಾಕಿಕೊಂಡಿರಲಿಲ್ಲ.

ಫೆಬ್ರವರಿ 12

ಲ್ಯಾಬ್. ಈಗ ನನ್ನದು ಟ್ಯೂಬಿಗೆ ಲೇಬಲ್ ಅಂಟಿಸುವ ಕೆಲಸ. ಮೊದಲು ರಕ್ತ ತೆಗೆಯುವವಳು; ಈಗ ಅದಕ್ಕೆ ಹೊಸ ಹುಡುಗಿ. "ಸೊಳ್ಳೆ ಕಚ್ಚಿದಷ್ಟೂ ನೋವಾಗ್ಲಿಲ್ಲ" ಅಂತ ಒಬ್ಬ ಅಜ್ಜಿ ಅಂದಿದ್ದರು. ಅಂದಿನಿಂದ ಇಡೀ ಬೀದಿಗೆ ನಾನು ಸೊಳ್ಳೆ ಅಕ್ಕ.

ಇವತ್ತು ಸಕ್ಕರೆ ಕಾಯಿಲೆಯ ಟೈಲರ್ ಬಂದು ನನ್ನ ಮುಂದೆಯೇ ತೋಳು ಚಾಚಿದ. "ನೀವೇ ತೆಗೀರಿ ಅಕ್ಕ. ಆ ಹುಡುಗಿ ಕೈಲಿ ಬೇಡ."

"ಮಣಿಕಟ್ಟು ಉಳುಕಿದೆ."

"ಇನ್ನೂ ವಾಸಿ ಆಗಿಲ್ವಾ? ಹೋದ್ಸಲಾನೂ ಉಳುಕಿತ್ತು."

ಆ ಹುಡುಗಿ ನಕ್ಕಳು. ನಾನೂ ನಕ್ಕೆ. ಲ್ಯಾಬಿನಲ್ಲಿ ಉಳುಕು, ನೆಂಟರಿಗೆ ಥೈರಾಯ್ಡ್. ಯಾರಿಗೆ ಯಾವ ಕಾಯಿಲೆ ಹೇಳಿದ್ದೇನೆ ಅನ್ನುವುದನ್ನು ನೆನಪಿಟ್ಟುಕೊಳ್ಳುವುದೇ ದೊಡ್ಡ ಕಾಯಿಲೆ.

ಫೆಬ್ರವರಿ 20

ಒಳ್ಳೆಯ ದಿನ! ಬರೆಯಲು ಹೆದರಿಕೆ, ದೃಷ್ಟಿ ತಾಗೀತೆಂದು. ಬೆಳಿಗ್ಗೆ ಎದ್ದಾಗ ಎದೆಯೊಳಗಿನ ಮೋಟಾರು ನಿಂತಿತ್ತು. ನಿಂತ ಮೇಲೆಯೇ ಅದು ಇಷ್ಟು ದಿನ ಓಡುತ್ತಿತ್ತೆಂದು ಗೊತ್ತಾದದ್ದು.

ಸಂಜೆ ಮಾವನ ಜೊತೆ ಪಾರ್ಕಿಗೆ ಹೋದೆ. ಅಲ್ಲಿ ಅವರದೇ ದರ್ಬಾರು. ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಕಾಗದ ವಿಂಗಡಿಸಿದವರು. ಗೆಳೆಯರು ಒಂದು ಬೀದಿ, ಒಂದು ಮನೆ ನಂಬರ್ ಹೇಳಿದರೆ ಸಾಕು, ಅಲ್ಲಿ ಯಾರಿದ್ದರು, ಅವರಿಗೆ ಎಲ್ಲಿಂದ ಕಾಗದ ಬರುತ್ತಿತ್ತು, ಎಲ್ಲ ಹೇಳುತ್ತಾರೆ. ಅವರಲ್ಲೊಬ್ಬರು, ಬೇಕರಿಯವರು, ಕೆಣಕಿದರು, "ಹಳೇ ಬಾವಿ ಬೀದಿ, ಹದಿನೇಳು?"

"ಹದಿನೇಳು ಅನ್ನೋ ಮನೆನೇ ಇಲ್ಲ ಅಲ್ಲಿ. ಹದಿನಾರು ಆದ್ಮೇಲೆ ಹದಿನೆಂಟು. ನನ್ನನ್ನೇ ಪರೀಕ್ಷೆ ಮಾಡ್ತೀಯೇನೋ!"

ಎಲ್ಲರೂ ಚಪ್ಪಾಳೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಾವ ನನ್ನನ್ನೇ ನೋಡಿದರು. ಎಷ್ಟು ದಿನವಾಗಿತ್ತೋ.

ವಾಸಿಯಾಗುತ್ತಿದ್ದೇನೆ. ಅಲ್ಲವೇ?

ಫೆಬ್ರವರಿ 21

ಅಲ್ಲ.

ಮಾರ್ಚ್ 6, ಗುರುವಾರ

ಲ್ಯಾಬಿನ ಯಜಮಾನರು "ಒಂದ್ಸಲ ಟ್ರೈ ಮಾಡಮ್ಮ, ಎಷ್ಟು ದಿನ ಅಂತ ಕೂರಿಸ್ಲಿ" ಅಂದರು. ತಪ್ಪಲ್ಲ ಅವರದು. ಒಬ್ಬ ಮೇಷ್ಟ್ರು. ನರ ದಾರದ ಹಾಗೆ ಎದ್ದು ಕಾಣುತ್ತಿತ್ತು. ಮೊದಲ ಸಲ ತಪ್ಪಿತು. ಎರಡನೇ ಸಲ ಸೂಜಿಯ ತುದಿ ಚರ್ಮದ ಮೇಲೆ ಕುಣಿಯುವುದು ಅವರಿಗೂ ಕಂಡಿತು. ತೋಳು ಎಳೆದುಕೊಂಡರು.

"ಏನಮ್ಮಾ, ಕುಡಿದು ಬಂದಿದ್ದೀಯಾ?"

ಯಾರೂ "ಇಲ್ಲ" ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮನೆಗೆ ಬಂದೆ. ಯಾರೂ ಇರಲಿಲ್ಲ. ಮಾವನ ಡಬ್ಬಿ ಕಪಾಟಿನ ಮೇಲೆ. ಏಳು ದಿನಕ್ಕೆ ಏಳು ಖಾನೆ. ಭಾನುವಾರ ಭಾನುವಾರ ತುಂಬುವವಳು ನಾನೇ. ರಾತ್ರಿ ಕಾಲು ಸೆಳೆಯುತ್ತದೆಂದು ಅವರಿಗೆ ಅರ್ಧ ಮಾತ್ರೆ ಬರೆದುಕೊಟ್ಟಿದ್ದಾರೆ. ಹೆಸರು ಬೇರೆ. ಜಾತಿ ನನ್ನ ಮಾತ್ರೆಯದೇ.

ಇವತ್ತು ಗುರುವಾರ. ಗುರುವಾರದ ಮುಚ್ಚಳ ತೆಗೆದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಅಡಿಕೆಗಿಂತ ಚಿಕ್ಕದಕ್ಕೆ ಹೋಯಿತು.

ಮಾರ್ಚ್ 7

ಚೆನ್ನಾಗಿ ನಿದ್ದೆ ಮಾಡಿದೆ. ಅದೇ ಎಲ್ಲಕ್ಕಿಂತ ನಾಚಿಕೆ.

ಬೆಳಿಗ್ಗೆ ಮಾವ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ನಿನ್ನೇದು ತಗೊಂಡ್ನೇನಮ್ಮಾ ನಾನು? ಮಲಗೋಕೆ ಮುಂಚೆ ನೋಡಿದ್ರೆ ಖಾಲಿ ಇತ್ತು. ನುಂಗಿದ ನೆನಪೇ ಇಲ್ಲ."

"ತಗೊಂಡ್ರಲ್ಲ ಮಾವ. ನಾನೇ ನೀರು ಕೊಟ್ಟೆ."

ನೀರು ಕೊಟ್ಟೆ ಅನ್ನುವುದನ್ನು ಯಾಕೆ ಸೇರಿಸಿದೆ? ಬರೀ ಸುಳ್ಳು ನಡೆಯುವುದಿಲ್ಲವೆಂದು ಅದಕ್ಕೆ ಕಾಲು ಕೊಟ್ಟೆನೇನೋ.

"ಹೌದಾ" ಅಂದರು. ಖಾಲಿ ಖಾನೆಯ ಮುಚ್ಚಳ ಇನ್ನೊಮ್ಮೆ ತೆಗೆದು ನೋಡಿದರು.

ಮಾರ್ಚ್ 15

ಮತ್ತೆ. ಬರೆಯುವುದಿಲ್ಲ.

ಮಾರ್ಚ್ 19

ಮತ್ತೆ. ಇದೇ ಕೊನೆ... ಎಂದು ಮೊನ್ನೆಯೂ ಅಂದುಕೊಂಡಿದ್ದೆ. ಡಾಕ್ಟರಮ್ಮನ ಫೋನ್ ಬಂತು. ಎತ್ತಲಿಲ್ಲ.

ಮಾರ್ಚ್ 27

ಆಮೇಲೆ ಮುಟ್ಟಿಲ್ಲ. ನಿಜವಾಗಿ. ಆದರೆ ಆಗಬೇಕಾದ್ದು ಆಗಿಬಿಟ್ಟಿದೆ.

ಮಾವ ಈಗ ಮಾತ್ರೆ ನುಂಗುವಾಗ ನನ್ನನ್ನು ಕರೆಯುತ್ತಾರೆ. "ನೋಡಮ್ಮ, ತಗೊಂಡೆ. ನೀನೇ ಸಾಕ್ಷಿ." ಬಾಯಿ ತೆರೆದು ತೋರಿಸುತ್ತಾರೆ, ಮಗುವಿನ ಹಾಗೆ. ಗೇಟಿನ ಚಿಲಕ ಹಾಕಿ ಬಂದು, ಮತ್ತೆ ಹೋಗಿ ಮುಟ್ಟಿ ನೋಡುತ್ತಾರೆ. ಮೊನ್ನೆ ಹಾಲು ಉಕ್ಕಿಸಿದರು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ? ಆದರೆ ಈಗ ಅದಕ್ಕೂ ಒಂದು ಅರ್ಥ ಬಂದುಬಿಟ್ಟಿದೆ. ಪಾರ್ಕಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಬೇಕರಿಯವರು ಕರೆಯಲು ಬಂದರೆ ಮಂಡಿನೋವು ಅಂದರು. ಅವರೂ ನನ್ನ ಹಾಗೆ ಕಾಯಿಲೆ ಹುಟ್ಟಿಸುವುದನ್ನು ಕಲಿತರು.

ಇವರು ರಾತ್ರಿ ಊಟದ ಹೊತ್ತಿಗೆ ಸಣ್ಣ ದನಿಯಲ್ಲಿ ಅಂದರು, "ಅಪ್ಪನ್ನ ನರದ ಡಾಕ್ಟರ್‌ಗೆ ತೋರಿಸ್ತೀನಿ. ತಾತನಿಗೂ ಹೀಗೇ ಶುರುವಾಗಿದ್ದಂತೆ. ಕೊನೆಗೆ ಅಪ್ಪನ ಮುಖಾನೇ ಮರೆತಿದ್ರಂತೆ."

ಬಾಯಿ ಬಿಡಬೇಕಿತ್ತು. ಬಿಟ್ಟೆ, ನೀರು ಕುಡಿಯಲು.

ಏಪ್ರಿಲ್ 2

ಮಾವನ ರಕ್ತ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ. ಇವರೇ ಕರೆದುಕೊಂಡು ಬಂದರು. ಆ ಹುಡುಗಿ ಸೂಜಿ ಹಾಕಿದಳು. ಪ್ರಿಂಟರಿನಿಂದ ಲೇಬಲ್ ಹೊರಬಂತು. ಹೆಸರು, ವಯಸ್ಸು, ಕೆಳಗೆ ಪರೀಕ್ಷೆಯ ಕಾರಣ: ಮರೆವು. ಅಂಟಿಸಬೇಕಾದವಳು ನಾನು. ಮೂರು ಟ್ಯೂಬ್. ಬೆಚ್ಚಗಿದ್ದವು.

ಕುರ್ಚಿಯಿಂದಲೇ ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು, "ನಮ್ಮ ಸೊಸೆ ಇವಳು. ಇವಳೊಬ್ಬಳು ಇದಾಳೆ ಅಂತ ನಡೀತಿದೆ. ಇಲ್ದಿದ್ರೆ ನಾನು ಮಾತ್ರೆ ತಗೊಂಡ್ನೋ ಇಲ್ವೋ ಅನ್ನೋದೂ ನನಗೆ ಗೊತ್ತಾಗ್ತಿರಲಿಲ್ಲ."

ಹತ್ತಿಯ ಪೆಟ್ಟಿಗೆಗಳಿರುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೆಲ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ. ಬಿಡಲಿಲ್ಲ. ನಾನೇ ಬಿಡಬೇಕು.

ಅದೇ ದಿನ, ಸಂಜೆ

ಹೇಳಿದೆ.

ಮಾವ ವರಾಂಡದಲ್ಲಿ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತೆ. "ಮಾವ, ನಿಮಗೆ ಮರೆವಿಲ್ಲ. ಆ ಮಾತ್ರೆ ತಗೊಂಡಿದ್ದು ನಾನು. ಮೂರು ಸಲ. ನೀವು ಕೇಳಿದಾಗ ಸುಳ್ಳು ಹೇಳ್ದೆ."

ಕೈ ನಿಂತಿತು. "ನೀರು ಕೊಟ್ಟೆ ಅಂದ್ಯಲ್ಲ?"

"ಕೊಟ್ಟಿರ್ಲಿಲ್ಲ."

"ನಾನು ನೀರು ಕುಡಿದಿದ್ದನ್ನ ನೆನಪು ಮಾಡ್ಕೊಳ್ಳೋಕೆ ಒದ್ದಾಡಿದೀನಿ. ಆ ಲೋಟ ಯಾವುದು ಅಂತ ಕೂಡ ಯೋಚಿಸಿದೀನಿ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಒಂದಿನ ಕನ್ನಡಿ ಮುಂದೆ ನಿಂತು ನನ್ನ ಹೆಸರು ನಾನೇ ಹೇಳ್ಕೊಂಡೆ ಕಣಮ್ಮಾ. ಮರೆತುಹೋಗಿದ್ಯಾ ಅಂತ."

"ತಪ್ಪಾಯ್ತು ಮಾವ."

"ನಿಮ್ಮತ್ತೆ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಕೂತೇ ನೀನು ನಿದ್ದೆ ಕಳ್ಕೊಂಡಿದ್ದು. ಆ ಮಾತ್ರೆ ಶುರುವಾಗಿದ್ದೂ ಆಗಲೇ. ಅದು ನನಗೆ ಗೊತ್ತು. ಯಾವತ್ತೂ ಮರೆಯಲ್ಲ." ಉಗುರಿನ ಚೂರುಗಳನ್ನು ಪೇಪರಿನಲ್ಲಿ ಮಡಚಿದರು. "ಆದ್ರೆ ಇದು ಬೇರೆ."

ಎದ್ದು ಒಳಗೆ ಹೋದರು. ಕಪಾಟಿನ ಮೇಲಿನ ಡಬ್ಬಿ ತೆಗೆದುಕೊಂಡ ಸದ್ದು ಕೇಳಿಸಿತು.

ಏಪ್ರಿಲ್ 3

ಇವರಿಗೂ ನಾನೇ ಹೇಳಿದೆ. ಮಾವ ಹೇಳಿರಲಿಲ್ಲ. ಇವರು "ನನ್ನದು ಏನೇ ತಗೊಂಡಿದ್ರೂ ಏನೂ ಅಂತಿರ್ಲಿಲ್ಲ. ಅಪ್ಪನ್ನ ಯಾಕೆ..." ಅಂದರು. ಅಷ್ಟೇ. ಹೊರಗೆ ಹೋಗಿ ಸ್ಕೂಟರ್ ಒರೆಸಿದರು. ಅದು ಶುಭ್ರವಾಗಿಯೇ ಇತ್ತು.

ಏಪ್ರಿಲ್ 11

ಡಾಕ್ಟರಮ್ಮ.

"ಫೋನ್ ಯಾಕೆ ಎತ್ತಲಿಲ್ಲ?"

"ನಾಚಿಕೆ ಆಯ್ತು."

"ನಾಚಿಕೆಗೆ ನನ್ನ ಹತ್ರ ಔಷಧಿ ಇಲ್ಲ. ನಿದ್ದೆಗೂ ಇಲ್ಲ ಅನ್ನೋದು ಈಗ ನಿಮಗೇ ಗೊತ್ತು." ಕನ್ನಡಕ ತೆಗೆದು ಒರೆಸಿದರು. "ಮುಂದಿನ ಸಲ ಕೈ ಡಬ್ಬಿಗೆ ಹೋಗೋ ಮುಂಚೆ ಫೋನಿಗೆ ಹೋಗ್ಲಿ. ಬೈಯೋದು ನಾನು ಆಮೇಲೆ ಬೈತೀನಿ."

"ಮತ್ತೆ ಮೊದಲಿಂದನಾ ಡಾಕ್ಟ್ರೇ?"

"ಪೂರ್ತಿ ಮೊದಲಿಂದ ಅಲ್ಲ. ಸ್ವಲ್ಪ ಹಿಂದೆ ಹೋಗಿದ್ದೀರಿ. ಎಷ್ಟು ಅಂತ ಹೇಳೋಕೆ ನನಗೂ ಬರಲ್ಲ."

ಗೊತ್ತಿಲ್ಲ ಅನ್ನುವವರ ಮೇಲೆ ಯಾಕೋ ನಂಬಿಕೆ ಬರುತ್ತದೆ.

ಏಪ್ರಿಲ್ 18

ಮಾವ ಡಬ್ಬಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ನಡೆದರೆ ಗಲಗಲ. ಸ್ನಾನದ ಮನೆಗೆ ಹೋದರೂ ಗಲಗಲ. ಆ ಸದ್ದು ಯಾವ ಕೋಣೆಯಲ್ಲಿದೆಯೋ ಆ ಕೋಣೆಗೆ ನಾನು ಹೋಗುವುದಿಲ್ಲ. ಅವರು ಚುಚ್ಚಲು ಮಾಡುತ್ತಿಲ್ಲ. ಕಳ್ಳರಿರುವ ಮನೆಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದಾರೆ. ಹಾಲಿನ ಲೋಟ ಕೊಟ್ಟರೆ ತೆಗೆದುಕೊಳ್ಳುತ್ತಾರೆ. "ಅಮ್ಮಾ" ಅನ್ನುವುದಿಲ್ಲ.

ಮೇ 19

ಬರೆಯಲು ಏನೂ ಇರಲಿಲ್ಲ. ಇದ್ದದ್ದು ಬರೆಯುವಂಥದ್ದಲ್ಲ. ಉರಿ, ಬೆವರು, ಬೀದಿಯಲ್ಲಿ ಹಾರ್ನ್ ಹೊಡೆದರೆ ಕಣ್ಣಲ್ಲಿ ನೀರು.

ಮಾವನ ರಿಪೋರ್ಟು ಎಲ್ಲ ಸರಿ. ಮನಸ್ಸಿನ ಸಮಾಧಾನಕ್ಕೆಂದು ಹೋದಾಗ ನರದ ಡಾಕ್ಟರು ಕೇಳಿದ ಪ್ರಶ್ನೆಗೆಲ್ಲ ಉತ್ತರಿಸಿ, ಕೊನೆಗೆ ಡಾಕ್ಟರ ತಂದೆಯ ಹಳೇ ಮನೆಯ ನಂಬರನ್ನೇ ಹೇಳಿ ಬಂದರಂತೆ. ಇವರು ನಗುತ್ತಾ ಹೇಳಿದರು, ನನಗೆ. ನನ್ನ ಮುಖ ನೋಡಿಕೊಂಡೇ. ಬಹಳ ದಿನದ ಮೇಲೆ.

ಮಾವ ಸಂಜೆ ಪಾರ್ಕಿಗೆ ಹೊರಟರು. ಗೇಟಿನ ಚಿಲಕ ಹಾಕಿ ಹಿಂದೆ ತಿರುಗಲಿಲ್ಲ. ಕಿಟಕಿಯಿಂದ ನೋಡುತ್ತಿದ್ದೆ. ಅವರು ವಾಸಿಯಾದರು. ಅವರದು ಕಾಯಿಲೆಯೇ ಆಗಿರಲಿಲ್ಲ ಎಂಬುದು ಬೇರೆ ಮಾತು.

ಜೂನ್ 8

ನಿನ್ನೆ ರಾತ್ರಿ ಒಂದೇ ನಿದ್ದೆ. ಮಾತ್ರೆಯದಲ್ಲ, ನನ್ನದು. ಕನಸೂ ಬಿತ್ತು. ಸಂತೋಷಪಡಲೇ? ಫೆಬ್ರವರಿಯಲ್ಲಿ ಪಟ್ಟೆನಲ್ಲ. ಸುಮ್ಮನೆ ಬರೆದಿಟ್ಟಿದ್ದೇನೆ.

ಜೂನ್ 22

ಮನೆಯಲ್ಲಿ ಏನೋ ಕಮ್ಮಿಯಾಗಿದೆ ಅನಿಸುತ್ತಿತ್ತು. ಮಧ್ಯಾಹ್ನ ಹೊಳೆಯಿತು: ಗಲಗಲ ಇಲ್ಲ. ಮಾವನ ಜೇಬು ಖಾಲಿ. ಎಲ್ಲಿಟ್ಟರು ಎಂಬ ಯೋಚನೆ ತಕ್ಷಣ ಬಂತು. ಬಂದದ್ದಕ್ಕೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದೆ. "ಯೋಚನೆ ಬರುತ್ತೆ. ಹುಡುಕಿದ್ರಾ?" ಅಂದರು. ಇಲ್ಲ. "ಮತ್ತೇನು, ಊಟ ಮಾಡಿ" ಅಂದರು.

ಊಟ ಮಾಡಿದೆ.

ಜುಲೈ 3, ಬೆಳಿಗ್ಗೆ

ನಾನು ಏಳುವ ಮೊದಲೇ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮಾವ. ನನ್ನ ಸ್ಟೂಲಿನ ಮೇಲೆ ಕೂತು ಪಾದ ಉಜ್ಜಿಕೊಳ್ಳುತ್ತಿದ್ದರು. ಎರಡು ದಿನದ ಗಡ್ಡ. ಹಿಂದೆ ಸರಿಯಲು ಹೋದೆ.

"ಬಾ, ಇರು" ಅಂದರು. "ಆ ಮಾತ್ರೆ ನಾನೂ ಕಮ್ಮಿ ಮಾಡ್ತಿದ್ದೀನಿ. ನಿನ್ನ ಡಾಕ್ಟರಮ್ಮನ ಹತ್ರಾನೇ ಹೋಗಿದ್ದೆ. ಸ್ವಲ್ಪ ಸ್ವಲ್ಪನೇ ಇಳಿಸ್ಬೇಕು ಅಂದ್ರು."

"ಯಾಕೆ ಮಾವ?"

"ಆ ಡಬ್ಬಿ ಕಾಯೋದೇ ಒಂದು ಉದ್ಯೋಗ ಆಗೋಯ್ತು. ಬೇಜಾರು." ಮತ್ತೆ ಪಾದ ಉಜ್ಜಿದರು. "ಕಾಲೊಳಗೆ ಇರುವೆ ಹರಿದ ಹಾಗೆ ಆಗುತ್ತೆ ಕಣಮ್ಮಾ. ನಿನಗೂ ಹೀಗೇ ಆಗ್ತಿತ್ತಾ?"

ಕಣಮ್ಮಾ.

ಟವೆಲ್ ಒದ್ದೆ ಮಾಡಿ, ಹಿಂಡಿ, ಅವರ ಪಾದಕ್ಕೆ ಸುತ್ತಿದೆ. ಹಿಮ್ಮಡಿಯ ಕೆಳಗೆ ಮಡಿಕೆ ಹೇಗೆ ಬರಬೇಕೆಂದು ತೋರಿಸಿದೆ, ಜಾರದ ಹಾಗೆ. "ಅರ್ಧ ಗಂಟೆಗೆ ತಣ್ಣಗಾಗುತ್ತೆ" ಅಂದೆ. ಅವರು ತಲೆಯಾಡಿಸಿದರು. ಹೊರಗೆ ಹಾಲಿನ ಗಾಡಿ ಹೋಯಿತು.

ಈಗ ಅವರ ಎದುರಿಗೇ ಕೂತು ಬರೆಯುತ್ತಿದ್ದೇನೆ. ಏನು ಬರೆಯುತ್ತಿದ್ದೀಯ ಅಂತ ಕೇಳಲಿಲ್ಲ. ಬೇರೆಯದೇ ಕೇಳುತ್ತಿದ್ದಾರೆ. "ಎಷ್ಟು ದಿನ ಇರುತ್ತಮ್ಮ ಇದು? ಹೋಗುತ್ತೆ ತಾನೆ?"

ಸುಳ್ಳು ಹೇಳುವ ಹಾಗಿಲ್ಲ ಮಾವನಿಗೆ. ಹೋಗುತ್ತೆ ಅನ್ನಲೇ? ನನಗೇ ಇನ್ನೂ ಪೂರ್ತಿ ಹೋಗಿಲ್ಲ. ಪೆನ್ನು ಕೆಳಗಿಟ್ಟು ಅದನ್ನೇ ಹೇಳುತ್ತೇನೆ.